ಮಿತವ್ಯಯದಲ್ಲಿ ಬ್ಯಾಡ್ಮಿಂಟನ್ ರ್ಯಾಕೆಟ್ ಆಯ್ಕೆ: ಪೋಷಕರಿಗೊಂದು ಮಾರ್ಗದರ್ಶಿ

ಶಾಲಾ ಕ್ರೀಡಾಕೂಟದ ಕಾಲ ಸಮೀಪಿಸಿದಂತೆ ಮಕ್ಕಳು ಮನೆಯಲ್ಲಿ ಮುಂದಿಡುವ ಬೇಡಿಕೆಗಳಲ್ಲಿ ಬ್ಯಾಡ್ಮಿಂಟನ್ ರ್ಯಾಕೆಟ್ಟೂ ಒಂದು. ಅಂಗಡಿಗೆ ಹೋದ ಪೋಷಕರ ಮುಂದೆ ಕೆಲವು ನೂರು ರೂಪಾಯಿಯ ಜೋಡಿಯಿಂದ ಹಿಡಿದು ಹತ್ತು ಸಾವಿರವನ್ನೂ ಮೀರಿದ ಒಂಟಿ ರ್ಯಾಕೆಟ್ಟಿನವರೆಗೆ ಹತ್ತಾರು ಬಗೆಗಳು ಸಾಲಾಗಿ ನಿಲ್ಲುತ್ತವೆ. ಕಾಸರಗೋಡಿನಲ್ಲಿ ಅಂಗಡಿಯವರು ಮಲಯಾಳದಲ್ಲಿ, ಸೊಲ್ಲಾಪುರದಲ್ಲಿ ಮರಾಠಿಯಲ್ಲಿ, ಹೊಸೂರಿನಲ್ಲಿ ತಮಿಳಿನಲ್ಲಿ, ಆದವಾನಿಯಲ್ಲಿ ತೆಲುಗಿನಲ್ಲಿ ವಿವರಿಸಬಹುದು. ಆದರೆ ರ್ಯಾಕೆಟ್ಟಿನ ಮೇಲಿನ ಬರೆಹ ಎಲ್ಲೆಡೆಯೂ ಇಂಗ್ಲಿಷಿನದೇ, ಅದೂ ಸಂಕೇತಾಕ್ಷರಗಳಲ್ಲಿ. ಆ ಸಂಕೇತಗಳ ಅರ್ಥವೇನು, ಹಣವನ್ನು ಯಾವುದಕ್ಕೆ ವ್ಯಯಿಸಬೇಕು, ಯಾವುದಕ್ಕೆ ವ್ಯಯಿಸಬೇಕಾಗಿಲ್ಲ ಎಂಬುದನ್ನು ಕನ್ನಡದಲ್ಲಿಯೇ ತಿಳಿಸುವುದು ಈ ಲೇಖನದ ಉದ್ದೇಶ.

ತಪ್ಪು ಆಯ್ಕೆಯ ನಷ್ಟ ಹಣಕ್ಕೆ ಸೀಮಿತವಲ್ಲ. ಅಳತೆಗೆ ಮೀರಿದ ತೂಕದ ರ್ಯಾಕೆಟ್ ಮಗುವಿನ ಮಣಿಕಟ್ಟು ಮತ್ತು ಭುಜಗಳಿಗೆ ನೋವು ತರುತ್ತದೆ. ತೀರ ಕಳಪೆಯಾದುದು ಒಂದೆರಡು ತಿಂಗಳಲ್ಲಿ ಹಾಳಾಗಿ ಆಟವೇ ನಿಂತುಹೋಗುತ್ತದೆ. ಎರಡನೆಯ ಬಾರಿ ಕೊಳ್ಳುವ ಶಕ್ತಿ ಎಲ್ಲ ಮನೆಗಳಿಗೂ ಇರುವುದಿಲ್ಲ. ಆದ್ದರಿಂದ ಮೊದಲನೆಯ ಖರೀದಿಯೇ ಸರಿಯಾಗಿರುವುದು ಅಗತ್ಯ.

ಬೆಲೆಯೇ ಆಟವಲ್ಲ

19ನೆಯ ಶತಮಾನದಲ್ಲಿ ಪುಣೆಯಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ‘ಪೂನಾ’ ಎಂಬ ಹೆಸರಿನಲ್ಲಿ ಆಡುತ್ತಿದ್ದ ಆಟ ಇಂಗ್ಲೆಂಡಿಗೆ ಸಾಗಿ, ಅಲ್ಲಿನ ಬ್ಯಾಡ್ಮಿಂಟನ್ ಹೌಸ್ ಎಂಬ ಭವನದ ಹೆಸರನ್ನು ಪಡೆಯಿತು. ಈ ಆಟದಲ್ಲಿ ಕನ್ನಡನಾಡಿನ ಸಾಧನೆ ದೊಡ್ಡದು. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದ ಪ್ರಕಾಶ್ ಪಡುಕೋಣೆಯವರು ಬಾಲ್ಯದಲ್ಲಿ ಅಭ್ಯಾಸ ಮಾಡಿದ್ದು ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ. ಅದು ಮದುವೆಗಳೂ ನಡೆಯುತ್ತಿದ್ದ ಸ್ಥಳ. ಸಮಾರಂಭವಿಲ್ಲದ ದಿನಗಳಲ್ಲಿ ಮಾತ್ರ ಅದು ಆಟದ ಅಂಗಣವಾಗುತ್ತಿತ್ತು. ಸಾಧನ ಸಾಧಾರಣವಾಗಿದ್ದರೂ ನಿತ್ಯದ ಅಭ್ಯಾಸವೇ ಆಟಗಾರನನ್ನು ರೂಪಿಸುತ್ತದೆ. ದೂರದರ್ಶನದಲ್ಲಿ ಕಾಣುವ ತಾರೆಯ ಕೈಯಲ್ಲಿರುವ ರ್ಯಾಕೆಟ್ಟೇ ಬೇಕೆಂದು ಹಟ ಹಿಡಿಯುವ ಮಗುವಿಗೆ ಈ ಸಂಗತಿಯನ್ನು ಹೇಳಬಹುದು. ಅಷ್ಟೇ ಅಲ್ಲ, ವೃತ್ತಿಪರರ ರ್ಯಾಕೆಟ್ಟಿನ ಬಿರುಸಾದ ಶಾಫ್ಟ್ ಮತ್ತು ಬಿಗಿಯಾದ ಗಟ್ ಎಳೆಯ ಕೈಗೆ ಹೊಂದುವುದೂ ಇಲ್ಲ.

ಯಾವ ಆಟ ಎಂಬುದನ್ನು ಮೊದಲು ತಿಳಿಯಿರಿ

ದಕ್ಷಿಣದ ಅನೇಕ ಶಾಲೆಗಳಲ್ಲಿ ಎರಡು ಆಟಗಳು ಚಾಲ್ತಿಯಲ್ಲಿವೆ: ಶಟಲ್ ಬ್ಯಾಡ್ಮಿಂಟನ್ ಮತ್ತು ಬಾಲ್ ಬ್ಯಾಡ್ಮಿಂಟನ್. ಎರಡನೆಯದರಲ್ಲಿ ಪ್ರತಿ ತಂಡದಲ್ಲಿ ಐವರು ಆಡುತ್ತಾರೆ. ಅದರಲ್ಲಿ ಬಳಸುವುದು ಹಳದಿ ಉಣ್ಣೆಯ ಚೆಂಡು. ಅದರ ತೂಕ ಸುಮಾರು 27ರಿಂದ 30 ಗ್ರಾಂ. ಶಟಲ್ಲಿನ ತೂಕವಾದರೋ ನಿಯಮದಂತೆ 4.74ರಿಂದ 5.50 ಗ್ರಾಂ ಮಾತ್ರ. ಐದು ಪಟ್ಟಿಗೂ ಮಿಗಿಲಾದ ಈ ವ್ಯತ್ಯಾಸದಿಂದಾಗಿ ಬಾಲ್ ಬ್ಯಾಡ್ಮಿಂಟನ್ನಿನ ರ್ಯಾಕೆಟ್ ಬಹಳ ತೂಕದ್ದಾಗಿರುತ್ತದೆ. ಶಟಲ್ ರ್ಯಾಕೆಟ್ಟಿನಿಂದ ಉಣ್ಣೆಯ ಚೆಂಡನ್ನು ಹೊಡೆದರೆ ಗಟ್ ಬೇಗನೆ ಹರಿಯುತ್ತದೆ, ಫ್ರೇಮ್ ಕೂಡ ಸೀಳಬಹುದು. ಆದ್ದರಿಂದ ಶಾಲೆಯಲ್ಲಿ ಆಡಿಸುವುದು ಯಾವುದನ್ನು ಎಂದು ದೈಹಿಕ ಶಿಕ್ಷಕರನ್ನು ಕೇಳಿದ ಬಳಿಕವೇ ಅಂಗಡಿಯ ಮೆಟ್ಟಿಲು ಹತ್ತುವುದು ಲೇಸು. ಈ ಲೇಖನ ಶಟಲ್ ಬ್ಯಾಡ್ಮಿಂಟನ್ನಿಗೆ ಸಂಬಂಧಿಸಿದ್ದು.

ಲೋಹವೋ ಗ್ರಾಫೈಟೋ

ರ್ಯಾಕೆಟ್ಟಿನ ಮುಖ್ಯ ಭಾಗಗಳು ನಾಲ್ಕು: ಗಟ್ ಹೆಣೆದಿರುವ ಫ್ರೇಮ್, ಅದಕ್ಕೂ ಹಿಡಿಗೂ ನಡುವಿನ ತೆಳುವಾದ ದಂಡ ಅಂದರೆ ಶಾಫ್ಟ್, ಹಿಡಿ ಮತ್ತು ಗಟ್. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಒಟ್ಟು ಉದ್ದ 680 ಮಿಲಿಮೀಟರನ್ನೂ ಅಗಲ 230 ಮಿಲಿಮೀಟರನ್ನೂ ಮೀರುವಂತಿಲ್ಲ. ಬೆಲೆಯನ್ನು ಮುಖ್ಯವಾಗಿ ನಿರ್ಧರಿಸುವುದು ಫ್ರೇಮ್ ಮತ್ತು ಶಾಫ್ಟುಗಳ ವಸ್ತು. ಮಾರುಕಟ್ಟೆಯಲ್ಲಿ ಮೂರು ದರ್ಜೆಗಳನ್ನು ಗುರುತಿಸಬಹುದು.

ಮೊದಲನೆಯದು ಪೂರ್ಣ ಉಕ್ಕಿನ ಅಥವಾ ಅಲ್ಯೂಮಿನಿಯಂ ಫ್ರೇಮಿಗೆ ಉಕ್ಕಿನ ಶಾಫ್ಟ್ ಜೋಡಿಸಿದ ರ್ಯಾಕೆಟ್. ಫ್ರೇಮ್ ಮತ್ತು ಶಾಫ್ಟ್ ಸೇರುವಲ್ಲಿ ಬೆಸುಗೆಯ ಗಂಟು ಕಣ್ಣಿಗೆ ಕಾಣುತ್ತದೆ. ಸಾಮಾನ್ಯವಾಗಿ 95 ಗ್ರಾಂಗಿಂತ ಹೆಚ್ಚು ತೂಗುತ್ತದೆ. ನೆಲಕ್ಕೆ ತಾಗಿದರೆ ಬಾಗುತ್ತದೆಯೇ ಹೊರತು ಥಟ್ಟನೆ ಮುರಿಯುವುದಿಲ್ಲ. ಅಂಗಳದಲ್ಲಿ ಆಡುವ ಚಿಕ್ಕ ಮಕ್ಕಳಿಗೂ ಹಲವು ಕೈಗಳು ಬದಲಾಗುವ ಶಾಲಾ ಬಳಕೆಗೂ ಇದು ಸಾಕು.

ಎರಡನೆಯದು ಅಲ್ಯೂಮಿನಿಯಂ ಫ್ರೇಮಿಗೆ ಗ್ರಾಫೈಟ್ ಶಾಫ್ಟ್ ಕೂಡಿಸಿದ ಮಧ್ಯಮ ದರ್ಜೆ. ಲೋಹದ್ದಕ್ಕಿಂತ ಹಗುರ, ಪೆಟ್ಟಿನ ಅದುರು ಕೈಗೆ ಕಡಿಮೆ ತಟ್ಟುತ್ತದೆ. ವಾರಕ್ಕೆ ಒಂದೆರಡು ದಿನ ಆಡುವ ಮಕ್ಕಳಿಗೆ ಇದು ಹೊಂದುತ್ತದೆ.

ಮೂರನೆಯದು ಪೂರ್ಣ ಗ್ರಾಫೈಟ್. ಇದು ಇಂಗಾಲದ ಎಳೆಗಳನ್ನು ಅಂಟಿನಲ್ಲಿ ಎರಕ ಹೊಯ್ದ ವಸ್ತು. ಫ್ರೇಮ್ ಮತ್ತು ಶಾಫ್ಟ್ ಒಂದೇ ತುಂಡಿನಂತೆ ನಯವಾಗಿ ಕೂಡಿರುತ್ತವೆ. ತೂಕ ಸಾಧಾರಣವಾಗಿ 75ರಿಂದ 90 ಗ್ರಾಂ. ನಿಯಮಿತವಾಗಿ ಅಭ್ಯಾಸ ಮಾಡುವ ಮಗುವಿಗೆ ಇದೇ ಸರಿಯಾದದ್ದು. ಆದರೆ ಜೊತೆಗಾರನ ರ್ಯಾಕೆಟ್ಟಿಗೆ ಬಡಿದರೆ ಅಥವಾ ಸಿಮೆಂಟಿನ ನೆಲಕ್ಕೆ ಅಪ್ಪಳಿಸಿದರೆ ಸೀಳುತ್ತದೆ. ಸಿಟ್ಟಿನಲ್ಲಿ ರ್ಯಾಕೆಟ್ ಬೀಸಿ ಎಸೆಯುವ ವಯಸ್ಸು ದಾಟದ ಮಕ್ಕಳಿಗೆ ಗ್ರಾಫೈಟ್ ಕೊಡಿಸಲು ಅವಸರ ಬೇಡ.

ಗ್ರಾಫೈಟ್ ಎಂದು ಹೇಳಿ ಉಕ್ಕಿನ ಶಾಫ್ಟಿನ ರ್ಯಾಕೆಟ್ ಮಾರುವುದುಂಟು. ಜೇಬಿನಲ್ಲಿ ಸಣ್ಣ ಅಯಸ್ಕಾಂತವೊಂದನ್ನು ಒಯ್ದರೆ ಪರೀಕ್ಷೆ ಸುಲಭ. ಉಕ್ಕಿನ ಶಾಫ್ಟಿಗೆ ಅದು ಸಾಮಾನ್ಯವಾಗಿ ಅಂಟುತ್ತದೆ, ಗ್ರಾಫೈಟಿಗೆ ಅಂಟುವುದಿಲ್ಲ.

ಸಂಕೇತಗಳನ್ನು ಓದುವ ಬಗೆ

*ತೂಕ.* ಶಾಫ್ಟಿನ ಬುಡದಲ್ಲಿ ಅಂಕಿಯೊಂದಿಗೆ ಇಂಗ್ಲಿಷಿನ ‘ಯು’ ಅಕ್ಷರವಿರುತ್ತದೆ. ಅಂಕಿ ಹೆಚ್ಚಿದಷ್ಟೂ ರ್ಯಾಕೆಟ್ ಹಗುರ. ಬಹು ಬಳಕೆಯ ಯೋನೆಕ್ಸ್ ಕ್ರಮದಲ್ಲಿ ‘3ಯು’ ಎಂದರೆ 85ರಿಂದ 89.9 ಗ್ರಾಂ, ‘4ಯು’ ಎಂದರೆ 80ರಿಂದ 84.9 ಗ್ರಾಂ, ‘5ಯು’ ಎಂದರೆ 75ರಿಂದ 79.9 ಗ್ರಾಂ. ಕಲಿಯುವ ಮಕ್ಕಳಿಗೆ 4ಯು ಅಥವಾ 5ಯು ಒಳ್ಳೆಯದು.

*ಹಿಡಿಯ ದಪ್ಪ.* ‘ಜಿ’ ಅಕ್ಷರದೊಂದಿಗಿನ ಅಂಕಿ ಇದನ್ನು ಸೂಚಿಸುತ್ತದೆ. ಯೋನೆಕ್ಸ್ ಕ್ರಮದಲ್ಲಿ ಅಂಕಿ ಹೆಚ್ಚಿದಂತೆ ಹಿಡಿ ಸಣ್ಣದಾಗುತ್ತದೆ, ಅಂದರೆ ಜಿ5 ಜಿ4ಕ್ಕಿಂತ ಸಣ್ಣದು. ಬೇರೆ ಕೆಲವು ಕಂಪನಿಗಳ ಸಂಕೇತ ಇದಕ್ಕೆ ವಿರುದ್ಧ ದಿಕ್ಕಿನಲ್ಲಿರುವುದರಿಂದ ಮಗುವಿನ ಕೈಯಲ್ಲೇ ಹಿಡಿಸಿ ನೋಡುವುದು ಕ್ಷೇಮ. ಹಿಡಿದಾಗ ಬೆರಳುಗಳ ತುದಿಗೂ ಅಂಗೈಯ ದಿಂಡಿಗೂ ನಡುವೆ ಒಂದು ಬೆರಳು ಹಿಡಿಸುವಷ್ಟು ಎಡೆ ಇದ್ದರೆ ಸರಿ. ಸಂದೇಹವಿದ್ದರೆ ಸಣ್ಣ ಹಿಡಿಯನ್ನೇ ಕೊಳ್ಳಿ. ಮೇಲೊಂದು ಗ್ರಿಪ್ ಸುತ್ತಿ ದಪ್ಪ ಮಾಡಬಹುದು, ದಪ್ಪ ಹಿಡಿಯನ್ನು ಸಣ್ಣದಾಗಿಸುವುದು ಕಷ್ಟ.

*ಸಮತೋಲ.* ರ್ಯಾಕೆಟ್ಟನ್ನು ಅಡ್ಡಲಾಗಿ ಒಂದು ಬೆರಳ ಮೇಲಿಟ್ಟು ತಕ್ಕಡಿಯಂತೆ ನಿಲ್ಲಿಸಿರಿ. ಅದು ನಿಲ್ಲುವ ಬಿಂದು ಹಿಡಿಯ ತುದಿಯಿಂದ ಎಷ್ಟು ದೂರವಿದೆ ಎಂದು ಅಳೆಯಿರಿ. ಪೂರ್ಣ ಉದ್ದದ ರ್ಯಾಕೆಟ್ಟಿನಲ್ಲಿ ಈ ದೂರ ಸುಮಾರು 285ರಿಂದ 295 ಮಿಲಿಮೀಟರ್ ಇದ್ದರೆ ಸಮತೂಕ. ಅದಕ್ಕಿಂತ ಹೆಚ್ಚಿದ್ದರೆ ತಲೆಭಾರ, ಕಡಿಮೆಯಿದ್ದರೆ ತಲೆಹಗುರ. ತಲೆಭಾರದ ರ್ಯಾಕೆಟ್ ಸ್ಮ್ಯಾಷಿಗೆ ಬಲ ಕೊಟ್ಟರೂ ಎಳೆಯ ಭುಜವನ್ನು ಬೇಗ ದಣಿಸುತ್ತದೆ. ಮೊದಲ ರ್ಯಾಕೆಟ್ಟಿಗೆ ಸಮತೂಕವೇ ಉತ್ತಮ.

*ಶಾಫ್ಟಿನ ಬಾಗು.* ‘ಫ್ಲೆಕ್ಸಿಬಲ್’, ‘ಮೀಡಿಯಂ’, ‘ಸ್ಟಿಫ್’ ಎಂಬ ಮೂರು ಪದಗಳನ್ನು ಕಾಣಬಹುದು. ಬಾಗುವ ಶಾಫ್ಟ್ ಚಾಟಿಯಂತೆ ಬಳುಕಿ ಕಡಿಮೆ ಬಲದಲ್ಲೂ ಶಟಲ್ಲನ್ನು ದೂರ ಕಳುಹಿಸುತ್ತದೆ. ಮಣಿಕಟ್ಟಿನ ಬೀಸು ಇನ್ನೂ ಪಳಗದ ಮಕ್ಕಳಿಗೆ ‘ಫ್ಲೆಕ್ಸಿಬಲ್’ ಅಥವಾ ‘ಮೀಡಿಯಂ’ ಸಾಕು.

*ಗಟ್ಟಿನ ಬಿಗಿ.* ಇದನ್ನು ಪೌಂಡುಗಳಲ್ಲಿ ಹೇಳುತ್ತಾರೆ. ಗಟ್ ಬಿಗಿಯಾದಷ್ಟೂ ಶಟಲ್ ದೂರ ಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ನಿಜಸ್ಥಿತಿ ಇದಕ್ಕೆ ವಿರುದ್ಧ. ಸಡಿಲ ಗಟ್ ಚಿಮ್ಮಿಸುತ್ತದೆ, ಬಿಗಿ ಗಟ್ ನಿಯಂತ್ರಣ ಕೊಡುತ್ತದೆಯಾದರೂ ಹೊಡೆತದ ಬಲ ಆಟಗಾರನದೇ ಆಗಿರಬೇಕು. ಆರಂಭಿಕರಿಗೆ 18ರಿಂದ 22 ಪೌಂಡ್ ಸೂಕ್ತ. ಫ್ರೇಮ್ ಎಷ್ಟು ಬಿಗಿಯನ್ನು ತಾಳಬಲ್ಲದೆಂಬ ಗರಿಷ್ಠ ಮಿತಿ ಶಾಫ್ಟಿನ ಬುಡದಲ್ಲಿ ಮುದ್ರಿತವಾಗಿರುತ್ತದೆ. ಅದನ್ನು ಮೀರಿ ಗಟ್ ಹಾಕಿಸಿದರೆ ಫ್ರೇಮ್ ಕುಸಿಯಬಹುದು, ಕಂಪನಿಯ ವಾರಂಟಿಯೂ ಸಲ್ಲುವುದಿಲ್ಲ.

ವಯಸ್ಸಿಗೆ ತಕ್ಕ ಉದ್ದ

ಪೂರ್ಣ ಅಳತೆಯ ರ್ಯಾಕೆಟ್ ಸುಮಾರು 67.5 ಸೆಂಟಿಮೀಟರ್ ಉದ್ದವಿರುತ್ತದೆ. ಇದಕ್ಕಿಂತ ಗಿಡ್ಡನೆಯ ಜೂನಿಯರ್ ರ್ಯಾಕೆಟ್ಟುಗಳು ಎಂಟು ವರ್ಷದೊಳಗಿನ ಮಕ್ಕಳಿಗೆ ಅನುಕೂಲ. ಶಟಲ್ಲನ್ನು ಗಟ್ಟಿನ ನಡುವಿಗೆ ತಾಗಿಸುವ ಅಂದಾಜು ಅವರಿಗೆ ಇದರಲ್ಲಿ ಬೇಗ ಸಿದ್ಧಿಸುತ್ತದೆ. ಆದರೆ ಒಂದೆರಡು ವರ್ಷಗಳಲ್ಲಿ ಅದು ಗಿಡ್ಡವಾಗುವುದರಿಂದ ಅದಕ್ಕೆ ಹೆಚ್ಚು ಹಣ ಹಾಕಬೇಕಾಗಿಲ್ಲ. ಹತ್ತು ವರ್ಷದ ಆಸುಪಾಸಿನಲ್ಲಿ ಹೆಚ್ಚಿನ ಮಕ್ಕಳು ಹಗುರವಾದ ಪೂರ್ಣ ಅಳತೆಯ ರ್ಯಾಕೆಟ್ಟಿಗೆ ಬರಬಲ್ಲರು. ಬೆಳೆದ ಮೇಲೆ ಬೇಕಾಗುತ್ತದೆಂದು ಈಗಲೇ ತೂಕದ್ದನ್ನು ಕೊಡಿಸುವುದು ಸರಿಯಲ್ಲ. ದೊಡ್ಡ ಅಂಗಿಯನ್ನು ಮಡಚಿ ತೊಡಿಸಬಹುದು, ರ್ಯಾಕೆಟ್ಟಿನ ತೂಕವನ್ನು ಮಡಚಲಾಗದು.

ಹಣದ ಹಂಚಿಕೆ

ಬೆಲೆಗಳು ಊರಿನಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಕೆಳಗಿನ ಮೊತ್ತಗಳನ್ನು ಸ್ಥೂಲ ಅಂದಾಜೆಂದೇ ತಿಳಿಯಬೇಕು.

1. *ಸಾವಿರ ರೂಪಾಯಿಯೊಳಗೆ:* ಹೆಸರುಳ್ಳ ಕಂಪನಿಯ ಅಲ್ಯೂಮಿನಿಯಂ ರ್ಯಾಕೆಟ್ ಒಂದಕ್ಕೆ 500ರಿಂದ 700 ರೂಪಾಯಿ, ಉಳಿದುದರಲ್ಲಿ ಕೆಲವು ನೈಲಾನ್ ಶಟಲ್. ಅಗ್ಗದ ಜೋಡಿ ರ್ಯಾಕೆಟ್ಟಿಗಿಂತ ಒಂದೇ ಒಳ್ಳೆಯದು ಹೆಚ್ಚು ಬಾಳುತ್ತದೆ.

2. *ಎರಡು ಸಾವಿರದ ಆಸುಪಾಸು:* ಪೂರ್ಣ ಗ್ರಾಫೈಟಿನ ಆರಂಭಿಕ ದರ್ಜೆಯ ರ್ಯಾಕೆಟ್ಟಿಗೆ 1,200ರಿಂದ 1,500, ಉಳಿದುದು ಶಟಲ್ ಮತ್ತು ಮೇಲಿನ ಗ್ರಿಪ್ಪಿಗೆ. ತಾಲೂಕು ಅಥವಾ ಉಪಜಿಲ್ಲಾ ಮಟ್ಟದಲ್ಲಿ ಆಡುವ ಮಗುವಿಗೆ ಇದು ಧಾರಾಳ.

3. *ಮೂರು ಸಾವಿರದವರೆಗೆ:* ರ್ಯಾಕೆಟ್ಟಿಗೆ ಮತ್ತಷ್ಟು ಸುರಿಯುವ ಬದಲು ಮೇಲಿನದೇ ರ್ಯಾಕೆಟ್ ಕೊಂಡು, ಉಳಿದ ಹಣದಲ್ಲಿ ಅಡಿ ಜಾರದ ಒಳಾಂಗಣ ಶೂ ಕೊಡಿಸಿರಿ. ಅಡ್ಡಕ್ಕೆ ಚಲಿಸಿ ಥಟ್ಟನೆ ನಿಲ್ಲುವ ಆಟ ಇದಾದ್ದರಿಂದ ಪಾದದ ಕೀಲು ಉಳುಕುವುದು ಸಾಮಾನ್ಯ. ಎತ್ತರದ ಅಟ್ಟೆಯ ಓಟದ ಶೂ ಇದಕ್ಕೆ ತಕ್ಕದ್ದಲ್ಲ.

ಮರೆಯಬಾರದ ಮಾತೊಂದಿದೆ. ರ್ಯಾಕೆಟ್ ಒಮ್ಮೆಯ ಖರ್ಚು, ಶಟಲ್ ನಿತ್ಯದ ಖರ್ಚು. ವರ್ಷದ ಕೊನೆಯಲ್ಲಿ ಲೆಕ್ಕ ಹಾಕಿದರೆ ಶಟಲ್ಲಿಗೆ ಹೋದ ಹಣ ರ್ಯಾಕೆಟ್ಟಿನ ಬೆಲೆಯನ್ನು ಮೀರಿರುವುದು ಅಪರೂಪವಲ್ಲ. ನೆರೆಯ ನಾಲ್ಕು ಮನೆಗಳು ಕೂಡಿ ಶಟಲ್ ಕೊಂಡರೆ ಹೊರೆ ಹಂಚಿಹೋಗುತ್ತದೆ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

- ಹಿಡಿಯ ತುದಿಯಿಂದ ಒಂದು ಕಣ್ಣು ಮುಚ್ಚಿ ಶಾಫ್ಟಿನ ಉದ್ದಕ್ಕೂ ನೋಡಿರಿ. ಶಾಫ್ಟ್ ನೆಟ್ಟಗಿರಬೇಕು, ಫ್ರೇಮ್ ಎತ್ತಲೂ ತಿರುಚಿರಬಾರದು.
- ಹಿಡಿಯನ್ನು ಒಂದು ಕೈಯಲ್ಲಿ, ಫ್ರೇಮನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಲ್ಲನೆ ತಿರುಚಿರಿ. ಕೂಡು ಸ್ಥಳದಲ್ಲಿ ಕದಲಿದರೆ ಅಥವಾ ಸದ್ದಾದರೆ ಬೇಡ.
- ಗಟ್ ಹಾಯುವ ತೂತುಗಳಲ್ಲಿರುವ ಸಣ್ಣ ಪ್ಲಾಸ್ಟಿಕ್ ಕೊಳವೆಗಳು ಎಲ್ಲವೂ ಇವೆಯೇ ನೋಡಿರಿ. ಅವಿಲ್ಲದಿದ್ದರೆ ಫ್ರೇಮಿನ ಅಂಚು ಗಟ್ಟನ್ನು ಕೊಯ್ಯುತ್ತದೆ.
- ರ್ಯಾಕೆಟ್ಟನ್ನು ಕಿವಿಯ ಬಳಿ ಅಲುಗಾಡಿಸಿರಿ. ಒಳಗೆ ಗಲಗಲ ಸದ್ದು ಬಂದರೆ ಕಾರಣ ಕೇಳಿರಿ.
- ಹೆಸರಾಂತ ಕಂಪನಿಯ ದುಬಾರಿ ರ್ಯಾಕೆಟ್ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕಿದರೆ ಅದು ನಕಲಿಯಾಗಿರುವ ಸಂಭವವೇ ಹೆಚ್ಚು. ಆ ಹಣಕ್ಕೆ ಅದೇ ಕಂಪನಿಯ ಸಾಧಾರಣ ದರ್ಜೆಯ ಅಸಲಿ ರ್ಯಾಕೆಟ್ ಸಿಗುತ್ತದೆ.
- ಬಿಲ್ಲನ್ನು ತಪ್ಪದೆ ಪಡೆಯಿರಿ.

ಬಳಸಿದ ರ್ಯಾಕೆಟ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಹಿರಿಯ ವಿದ್ಯಾರ್ಥಿಗಳು ಹೊಸದನ್ನು ಕೊಂಡಾಗ ಹಳೆಯದನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಆಗ ಫ್ರೇಮಿನ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಹಗಲ ಬೆಳಕಿನಲ್ಲಿ ಪರಿಶೀಲಿಸಬೇಕು. ಗಟ್ ಹರಿದಿದ್ದರೆ ಚಿಂತೆಯಿಲ್ಲ, ಫ್ರೇಮ್ ಸೀಳಿದ್ದರೆ ಉಚಿತವಾಗಿ ಕೊಟ್ಟರೂ ಪ್ರಯೋಜನವಿಲ್ಲ.

ಗಟ್ ಹಾಕಿಸುವುದು

ಗಡಿಭಾಗದ ಕುಟುಂಬಗಳು ಇದನ್ನು ಕೊಳ್ಳುವ ಮೊದಲೇ ಯೋಚಿಸಬೇಕು. ಯಂತ್ರದಲ್ಲಿ ಅಳತೆಯ ಬಿಗಿಯಿಂದ ಗಟ್ ಹಾಕುವವರು ಸಣ್ಣ ಊರುಗಳಲ್ಲಿ ದೊರೆಯುವುದು ಕಡಿಮೆ. ಮಂಜೇಶ್ವರದವರಿಗೆ ಮಂಗಳೂರು, ತಾಳವಾಡಿಯವರಿಗೆ ಚಾಮರಾಜನಗರ, ರಾಯದುರ್ಗದವರಿಗೆ ಬಳ್ಳಾರಿ, ಜತ್ತದವರಿಗೆ ವಿಜಯಪುರ ಅಥವಾ ಸಾಂಗಲಿ, ಅಕ್ಕಲಕೋಟೆಯವರಿಗೆ ಸೊಲ್ಲಾಪುರ, ಹೀಗೆ ಹತ್ತಿರದ ನಗರವನ್ನೇ ನೆಚ್ಚಬೇಕಾಗುತ್ತದೆ. ಅಲ್ಲಿಗೆ ಬೇರೆ ಕೆಲಸಕ್ಕೆ ಹೋಗುವವರ ಕೈಯಲ್ಲಿ ನಾಲ್ಕಾರು ಮಕ್ಕಳ ರ್ಯಾಕೆಟ್ಟುಗಳನ್ನು ಒಟ್ಟಿಗೆ ಕಳುಹಿಸಿದರೆ ಪ್ರಯಾಣದ ವೆಚ್ಚ ಉಳಿಯುತ್ತದೆ.

ಗಟ್ಟಿನ ದಪ್ಪ 0.61ರಿಂದ 0.70 ಮಿಲಿಮೀಟರ್ ಸುತ್ತಮುತ್ತ ಇರುತ್ತದೆ. ತೆಳುವಾದುದು ಚುರುಕು, ದಪ್ಪನೆಯದು ದೀರ್ಘಬಾಳಿಕೆ. ಮಕ್ಕಳಿಗೆ 0.70 ಮಿಲಿಮೀಟರಿನದನ್ನೇ ಕೇಳಿರಿ. ಗಟ್ಟಿನ ಒಂದೆಳೆ ಹರಿದ ಕೂಡಲೇ ಉಳಿದ ಎಳೆಗಳನ್ನು ನಡುವಿನಿಂದ ಹೊರಕ್ಕೆ ಕತ್ತರಿಸಿಬಿಡಬೇಕು. ಹಾಗೆಯೇ ಬಿಟ್ಟರೆ ಒಂದೇ ಕಡೆಯ ಎಳೆತದಿಂದ ಫ್ರೇಮ್ ಸೊಟ್ಟಗಾಗುತ್ತದೆ. ಇದನ್ನರಿಯದೆ ಒಳ್ಳೆಯ ರ್ಯಾಕೆಟ್ಟುಗಳನ್ನು ಕಳೆದುಕೊಂಡವರು ಅನೇಕರು.

ಶಟಲ್ ಮತ್ತು ಊರಿನ ಹವೆ

ಗರಿಯ ಶಟಲ್ಲಿನಲ್ಲಿ 16 ಗರಿಗಳಿರುತ್ತವೆ. ಹಾರಾಟ ಸೊಗಸಾದರೂ ಬೇಗನೆ ಮುರಿಯುತ್ತದೆ. ಕಲಿಕೆಗೆ ನೈಲಾನ್ ಶಟಲ್ ಸಾಕು. ಅದರ ಕಾರ್ಕಿನ ಸುತ್ತಲಿನ ಪಟ್ಟಿಯ ಬಣ್ಣ ವೇಗವನ್ನು ಸೂಚಿಸುತ್ತದೆ: ಹಸಿರು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ಬಿಸಿ ಗಾಳಿ ತೆಳುವಾಗಿರುವುದರಿಂದ ಶಟಲ್ ದೂರ ಹಾರುತ್ತದೆ. ಸೊಲ್ಲಾಪುರ, ಆದವಾನಿಗಳ ಬೇಸಗೆಗೆ ಹಸಿರು ಪಟ್ಟಿಯದು ಹೊಂದುತ್ತದೆ. ನೀಲಗಿರಿಯಲ್ಲಿ ಚಳಿಯಿದ್ದರೂ ಸುಮಾರು 2,240 ಮೀಟರ್ ಎತ್ತರದ ಊಟಿಯಂಥ ಕಡೆ ಗಾಳಿ ತೆಳುವಾದ್ದರಿಂದ ಅಲ್ಲಿಯೂ ನಿಧಾನದ ಶಟಲ್ಲೇ ತಕ್ಕುದು. ವೇಗ ಸರಿಯಿದೆಯೇ ಎಂದು ನೋಡಲು ನಿಯಮಪುಸ್ತಕದಲ್ಲೊಂದು ವಿಧಾನವಿದೆ. ಅಂಗಣದ ಹಿಂಬದಿಯ ಗೆರೆಯಲ್ಲಿ ನಿಂತು ಕೆಳಗಿನಿಂದ ಪೂರ್ಣ ಬೀಸಿ ಹೊಡೆದಾಗ ಶಟಲ್ ಎದುರಿನ ಹಿಂಬದಿ ಗೆರೆಗಿಂತ 530ರಿಂದ 990 ಮಿಲಿಮೀಟರ್ ಒಳಗೆ ಬೀಳಬೇಕು. ಈ ಪರೀಕ್ಷೆ ಬೆಳೆದ ಆಟಗಾರರ ಹೊಡೆತಕ್ಕೆ ಅನ್ವಯಿಸುವುದರಿಂದ ಶಿಕ್ಷಕರೋ ತರಬೇತುದಾರರೋ ಮಾಡಿ ನೋಡಬೇಕು.

ಜೋಪಾನ

ಕಾಸರಗೋಡಿನ ಮಳೆಗಾಲದ ತೇವ ಮತ್ತು ಕಡಲ ಉಪ್ಪುಗಾಳಿಯಲ್ಲಿ ಉಕ್ಕಿನ ಶಾಫ್ಟ್ ತುಕ್ಕು ಹಿಡಿಯುತ್ತದೆ. ಆಟ ಮುಗಿದೊಡನೆ ಒಣಬಟ್ಟೆಯಿಂದ ಒರಸಿ, ಗ್ರಿಪ್ ಆರಿದ ಮೇಲೆ ಚೀಲದಲ್ಲಿಡಬೇಕು. ಬಯಲುಸೀಮೆಯಲ್ಲಿ ಶತ್ರು ಬಿಸಿಲು. ತಗಡಿನ ಮಾಡಿನ ಕೆಳಗೆ ಅಥವಾ ಬಿಸಿಲಲ್ಲಿ ನಿಂತ ವಾಹನದೊಳಗೆ ಇಟ್ಟರೆ ಗಟ್ ಸಡಿಲವಾಗುತ್ತದೆ. ರ್ಯಾಕೆಟ್ಟಿನ ಮೇಲೆ ಪುಸ್ತಕದ ಚೀಲ ಹೇರುವುದು, ಬಸ್ಸಿನಲ್ಲಿ ಸೀಟಿನ ಸಂದಿಗೆ ತುರುಕುವುದು ಯಾವ ಊರಿನಲ್ಲೂ ಸಲ್ಲದು.

ಶಾಲೆಯ ಪಾಲು

ಪ್ರತಿ ಮನೆಯೂ ರ್ಯಾಕೆಟ್ ಕೊಳ್ಳಲೇಬೇಕೆಂದಿಲ್ಲ. ಸಮಗ್ರ ಶಿಕ್ಷಾ ಯೋಜನೆಯಡಿ ಸರಕಾರಿ ಶಾಲೆಗಳ ಕ್ರೀಡಾ ಸಾಮಗ್ರಿಗಾಗಿ ವಾರ್ಷಿಕ ಅನುದಾನಕ್ಕೆ ಅವಕಾಶವಿದೆ: ಪ್ರಾಥಮಿಕ ಶಾಲೆಗೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢ ಮತ್ತು ಉನ್ನತ ಪ್ರೌಢ ಶಾಲೆಗಳಿಗೆ 25,000ದವರೆಗೆ. ಇದು ಕೇಂದ್ರದ ಯೋಜನೆಯಾದ್ದರಿಂದ ಯಾವ ರಾಜ್ಯದಲ್ಲಿದ್ದರೂ, ಯಾವ ಮಾಧ್ಯಮದಲ್ಲಿ ಪಾಠ ನಡೆದರೂ ಸರಕಾರಿ ಶಾಲೆಗೆ ಅನ್ವಯಿಸುತ್ತದೆ. ರಕ್ಷಕ ಶಿಕ್ಷಕ ಸಂಘದ ಅಥವಾ ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ಈ ವರ್ಷದ ಅನುದಾನ ಬಂದಿದೆಯೇ, ಅದರಿಂದ ಏನು ಕೊಂಡರು ಎಂದು ಪೋಷಕರು ವಿನಯದಿಂದ ಕೇಳಬಹುದು. ಆರು ಅಲ್ಯೂಮಿನಿಯಂ ರ್ಯಾಕೆಟ್ಟು, ಒಂದು ಬಲೆ, ಕೆಲವು ಡಬ್ಬ ನೈಲಾನ್ ಶಟಲ್ ಇದ್ದರೆ ಶಾಲೆಯೊಂದರಲ್ಲಿ ಆಟ ಆರಂಭವಾಗುತ್ತದೆ. ಅಂಗಣಕ್ಕೆ ಬೇಕಾದುದು 13.40 ಮೀಟರ್ ಉದ್ದ, 6.10 ಮೀಟರ್ ಅಗಲದ ಸಮತಟ್ಟಾದ ನೆಲ ಮತ್ತು ಸುತ್ತ ತುಸು ತೆರಪು. ಬಲೆಯ ಎತ್ತರ ಕಂಬಗಳ ಬಳಿ 1.55 ಮೀಟರ್. ಮಕ್ಕಳ ಸಂಖ್ಯೆ ಕುಗ್ಗುತ್ತಿರುವ ಕನ್ನಡ ಶಾಲೆಗಳಲ್ಲಿ ಹನ್ನೊಂದು ಜನರ ತಂಡ ಕಟ್ಟುವುದು ಕಷ್ಟವಾಗಬಹುದು. ಈ ಆಟಕ್ಕೆ ಇಬ್ಬರಿದ್ದರೂ ಸಾಕು.

ಒಟ್ಟಿನಲ್ಲಿ, ಹತ್ತು ದಾಟಿದ, ಈಗತಾನೇ ಕಲಿಯುತ್ತಿರುವ ಮಗುವಿಗೆ ಹಗುರವಾದ, ಸಮತೂಕದ, ಬಾಗುವ ಶಾಫ್ಟಿನ, 20 ಪೌಂಡಿನ ಆಸುಪಾಸಿನ ಗಟ್ಟಿರುವ ರ್ಯಾಕೆಟ್ ಸಾಕು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಮಗುವನ್ನೂ ಜೊತೆಗೆ ಕರೆದುಕೊಂಡು ಅಂಗಡಿಗೆ ಹೋಗಿರಿ.